‘ಓಕೆ ಸರ್, ನೋಡುವ’: ದುಬೈ ಆಫೀಸಿನಲ್ಲಿ ನನಗೆ ದುಬಾರಿಯಾದ ಒಂದು ಮರ್ಯಾದೆ

(ಈ ವಾರದ ಎಪಿಸೋಡ್‌ನ ಬರಹ ರೂಪ. ಓದುವ ಅನುಕೂಲಕ್ಕೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

 

ಇವತ್ತಿನ ಎಪಿಸೋಡ್ ಒಂದು ವಾಯ್ಸ್ ಮೆಸೇಜಿಂದ ಹುಟ್ಟಿದ್ದು. ಕಾರ್ಕಳದ ಒಬ್ಬಳು ಹುಡುಗಿ ಕಳಿಸಿದ್ದಳು. ಬಿಕಾಂ ಮುಗಿಸಿದ್ದಾಳೆ, ಎರಡು ವರ್ಷ ಉಡುಪಿಯಲ್ಲಿ ಒಬ್ಬರು ಆಡಿಟರ್ ಹತ್ರ ಕೆಲಸ ಮಾಡಿದ್ದಾಳೆ. ಅವಳು ಹೇಳಿದ್ದು ಇಷ್ಟು: “ಅಕ್ಕ, ನಂಗೆ ದುಬೈಯಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ಹೊರಡ್ಬೇಕು. ಟ್ಯಾಲಿ ಗೊತ್ತುಂಟು, ಎಕ್ಸೆಲ್ ಗೊತ್ತುಂಟು. ಆದ್ರೆ ಅಲ್ಲಿ ಆಫೀಸಲ್ಲಿ ಹೇಗೆ ಇರ್ಬೇಕು ಅಂತ ಗೊತ್ತಿಲ್ಲ. ಯಾರನ್ನ ಕೇಳುದು?”

ಈ ಪ್ರಶ್ನೆ ನನಗೆ ಯಾರೂ ಉತ್ತರಿಸದ ಪ್ರಶ್ನೆ. ನಾನು ಕಾಪುವಿನವಳು. 2022ರ ಜನವರಿಯಲ್ಲಿ ಮಂಗಳೂರು ಏರ್‌ಪೋರ್ಟಿಂದ ದುಬೈಗೆ ಹೊರಟಾಗ ನನ್ನ ಬ್ಯಾಗಲ್ಲಿ ಉಪ್ಪಿನಕಾಯಿ ಇತ್ತು, ಸರ್ಟಿಫಿಕೇಟ್ ಇತ್ತು, ಕುಚ್ಚಲಕ್ಕಿ ಐದು ಕೆಜಿ ಇತ್ತು. ಮನೆಯಲ್ಲಿ ಅಮ್ಮನ ಬಂಗಾರ ಸೊಸೈಟಿಯಲ್ಲಿ ಅಡವಿತ್ತು. ಅಲ್ಲಿ ಹೇಗೆ ಇರ್ಬೇಕು ಅಂತ ಹೇಳಿದವರು ಮಾತ್ರ ಯಾರೂ ಇರಲಿಲ್ಲ. “ಮರ್ಯಾದೆಯಲ್ಲಿ ಇರು, ಎದುರು ಮಾತಾಡ್ಬೇಡ, ಹೇಳಿದ್ದು ಮಾಡು” ಅಂತ ಅಪ್ಪ ಹೇಳಿದ್ರು. ನಾನು ಅದನ್ನೇ ಮಾಡಿದೆ. ಅದರಿಂದಲೇ ಸಿಕ್ಕಿಬಿದ್ದೆ.

ಹೇಗೆ ಅಂತ ಹೇಳ್ತೇನೆ.

ಮೊದಲು ಸುಲಭದ ವಿಷಯಗಳು. ಇವನ್ನೆಲ್ಲ ಒಂದು ವಾರದಲ್ಲಿ ಕಲಿಯಬಹುದು.

ವಾರದ ರಜೆ. ನಾನು ಹೋದ ತಿಂಗಳೇ ಯುಎಇಯ ವೀಕೆಂಡ್ ಬದಲಾಗಿತ್ತು. ಅಲ್ಲಿವರೆಗೆ ಶುಕ್ರವಾರ, ಶನಿವಾರ ರಜೆ. 2022ರ ಜನವರಿಯಿಂದ ಸರ್ಕಾರಿ ಆಫೀಸುಗಳಿಗೆ ಶುಕ್ರವಾರ ಮಧ್ಯಾಹ್ನದವರೆಗೆ ಕೆಲಸ, ಆಮೇಲೆ ಶನಿವಾರ, ಭಾನುವಾರ ರಜೆ. ಪಕ್ಕದ ಶಾರ್ಜಾದಲ್ಲಿ ಸರ್ಕಾರಿ ಆಫೀಸಿಗೆ ಶುಕ್ರವಾರವೂ ಪೂರ್ತಿ ರಜೆ. ಹಾಗಾಗಿ ಆಫೀಸಲ್ಲಿ ಎಲ್ಲರಿಗೂ ಗೊಂದಲ. ನನಗೆ ಒಳಗೊಳಗೇ ಖುಷಿ, ಹೊಸಬಳು ನಾನೊಬ್ಬಳೇ ಅಲ್ಲ ಅಂತ.

ಹೆಸರು. ಊರಲ್ಲಿ ನಾವು ದೊಡ್ಡವರ ಹೆಸರು ಹಿಡಿದು ಕರೆಯುವುದಿಲ್ಲ. ಶೆಟ್ರೆ, ಭಟ್ರೆ, ಸೇರಿಗಾರ್ರೆ, ಮಾಸ್ಟ್ರೆ ಅಂತೇವೆ. ಹೆಸರೇ ಗೊತ್ತಿಲ್ಲದೆ 20 ವರ್ಷ ಮಾತಾಡಬಹುದು. ಅಲ್ಲಿ ಮಿಸ್ಟರ್ ಅಥವಾ ಮಿಸ್ ಅಂತ ಸೇರಿಸಿ ಸ್ವಂತ ಹೆಸರು ಹೇಳ್ತಾರೆ, ಮನೆತನದ ಹೆಸರಲ್ಲ. ಅರಬ್ ಸಹೋದ್ಯೋಗಿಗಳು ತಮ್ಮೊಳಗೆ ಹಿರಿಯರನ್ನು ‘ಅಬು’ ಅಂತ ಶುರುಮಾಡಿ ದೊಡ್ಡ ಮಗನ ಹೆಸರು ಸೇರಿಸಿ ಕರೀತಾರೆ. ಅಂದ್ರೆ ಇಂಥವನ ಅಪ್ಪ ಅಂತ. ಇದು ಕೇಳಿದ ಕೂಡಲೇ ನನಗೆ ಅಜ್ಜಿ ನೆನಪಾದ್ರು. ಅವರೂ ಅಜ್ಜನ ಹೆಸರು ಒಂದು ದಿನ ಹೇಳಿದವರಲ್ಲ.

ಕೈ ಕುಲುಕುವುದು. ಇದು ಹುಡುಗಿಯರು ಕೇಳಲೇಬೇಕಾದ ವಿಷಯ. ಮೊದಲ ವಾರ ಒಬ್ಬರು ಕ್ಲೈಂಟ್ ಬಂದ್ರು. ಕಾರ್ಪೊರೇಟ್ ಅಂದ್ರೆ ಹ್ಯಾಂಡ್‌ಶೇಕ್ ಅಂತ ಯೂಟ್ಯೂಬಲ್ಲಿ ನೋಡಿದ್ದೆನಲ್ಲ, ನಾನೇ ಕೈ ಚಾಚಿದೆ. ಅವರು ಕೈ ಕೊಡಲಿಲ್ಲ. ತಮ್ಮ ಬಲಗೈಯನ್ನು ಎದೆ ಮೇಲಿಟ್ಟು ತಲೆ ಬಾಗಿಸಿದ್ರು. ನನ್ನ ಮುಖ ಕೆಂಪಾಯ್ತು, ಅವಮಾನ ಮಾಡಿದ್ರು ಅಂತ ಅಂದ್ಕೊಂಡೆ. ಪಕ್ಕದ ಸೀಟಿನ ಫಿಲಿಪೈನ್ಸ್‌ನ ಸಹೋದ್ಯೋಗಿ ಆಮೇಲೆ ಹೇಳಿದಳು, ಅದು ಅವಮಾನ ಅಲ್ಲ, ಅದೇ ಗೌರವ ಅಂತ. ಪರಿಚಯ ಇಲ್ಲದ ಹೆಂಗಸಿನ ಕೈ ಮುಟ್ಟದೆ ನಮಸ್ಕಾರ ಹೇಳುವ ರೀತಿ. ಯೋಚನೆ ಮಾಡಿ, ನಮ್ಮ ಎರಡು ಕೈ ಜೋಡಿಸುವ ನಮಸ್ಕಾರವೂ ಮುಟ್ಟದೆ ಹೇಳುವುದೇ ಅಲ್ವಾ? ಅಂದಿನಿಂದ ನನ್ನ ನಿಯಮ ಒಂದೇ: ಅವರು ಕೈ ಚಾಚಿದರೆ ಕೊಡುವುದು, ಇಲ್ಲದಿದ್ದರೆ ಎದೆ ಮೇಲೆ ಕೈ.

ರಮದಾನ್. ಖಾಸಗಿ ಕಂಪನಿಗಳಲ್ಲೂ ಆ ತಿಂಗಳು ದಿನಕ್ಕೆ ಎರಡು ಗಂಟೆ ಕೆಲಸ ಕಡಿಮೆ. ಉಪವಾಸ ಮಾಡುವವರ ಎದುರು ಡೆಸ್ಕಲ್ಲಿ ಕೂತು ತಿನ್ನಬಾರದು, ನೀರಿನ ಬಾಟಲಿ ಎತ್ತಿ ಕುಡಿಯಬಾರದು. ಬೇರೆ ರೂಮಲ್ಲಿ ಹೋಗಿ ತಿನ್ನಬಹುದು. ಇದು ಕಷ್ಟ ಅಂತ ಕೆಲವರು ಹೇಳ್ತಾರೆ. ನನಗೆ ಅನ್ನಿಸಲಿಲ್ಲ. ಏಕಾದಶಿ ದಿನ ನಿರಾಹಾರ ಇರುವ ಹಿರಿಯರ ಎದುರು ನಾವು ಗೋಳಿಬಜೆ ತಿಂತೇವಾ?

ಮತ್ತೆ ಫೋನ್. ಅಲ್ಲಿ ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಫೋಟೋ ತೆಗೆಯುವುದು, ವಾಟ್ಸಾಪಲ್ಲಿ ಬೈಯುವುದು ಕಾನೂನಿನ ಪ್ರಕಾರವೇ ಅಪರಾಧ. ಊರಿನ ಫ್ರೆಂಡ್ಸ್ ಗ್ರೂಪಲ್ಲಿ ಹಾಕುವ ಹಾಗೆ ಆಫೀಸಿನ ಗ್ರೂಪಲ್ಲಿ ತಮಾಷೆಗೂ ಎಂತದೂ ಹಾಕ್ಬೇಡಿ. ರೀಲ್ಸ್ ಮಾಡುವವರು ಇದನ್ನು ಎರಡು ಸಲ ಕೇಳಿ.

ಇನ್ನು ಕಾಫಿ. ಇದಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡ್ತೇನೆ, ಯಾಕಂದ್ರೆ ಇಲ್ಲಿ ನಾನು ಮೊದಲ ಸಲ ಎಡವಿದ್ದು.

ನಮ್ಮದು ದೇರಾದಲ್ಲಿ ಒಂದು ಟ್ರೇಡಿಂಗ್ ಕಂಪನಿ. ಕಟ್ಟಡದ ಸಾಮಾನು. ಹೆಸರು ಹೇಳುವುದಿಲ್ಲ. ಒಬ್ಬರು ಗಿರಾಕಿಯಿಂದ ಮೂರು ತಿಂಗಳ ಬಾಕಿ ಬರಬೇಕಿತ್ತು. ಫೈಲ್ ಹಿಡ್ಕೊಂಡು ನಾನೂ ಸೇಲ್ಸ್‌ನವರೂ ಹೋದೆವು. ಅವರು ಗಹ್ವಾ ತರಿಸಿದ್ರು. ಅರಬ್ ಕಾಫಿ. ಕಿವಿ ಇಲ್ಲದ ಸಣ್ಣ ಕಪ್ಪು, ಒಳಗೆ ಏಲಕ್ಕಿ ಪರಿಮಳ, ಜೊತೆಗೆ ಖರ್ಜೂರ. ನಾನು “ನೋ, ಥ್ಯಾಂಕ್ಯೂ” ಅಂದು ಫೈಲ್ ತೆರೆದೆ. ಸಮಯ ಹಾಳು ಮಾಡಬಾರದು, ಪ್ರೊಫೆಷನಲ್ ಆಗಿರಬೇಕು ಅಂತ ತಲೇಲಿತ್ತು. ಅವರು ಫೈಲ್ ನೋಡಲೇ ಇಲ್ಲ. ಸೇಲ್ಸ್‌ನವರ ಹತ್ರ ಮನೆ, ಮಕ್ಕಳು, ಸೆಖೆ ಅಂತ ಅರ್ಧ ಗಂಟೆ ಮಾತಾಡಿ ಕಳಿಸಿದ್ರು. ಚೆಕ್ ಸಿಗಲಿಲ್ಲ.

ಮುಂದಿನ ವಾರ ಸೇಲ್ಸ್‌ನವರು ಒಬ್ಬರೇ ಹೋಗಿ ಎರಡು ಕಪ್ ಕುಡಿದು ಚೆಕ್ ತಂದ್ರು. ಆಮೇಲೆ ನನಗೆ ಹೇಳಿಕೊಟ್ರು: ಬಲಗೈಯಲ್ಲಿ ತಗೋ, ಒಂದಾದರೂ ಕುಡಿ, ಸಾಕು ಅಂತಾದ್ರೆ ಖಾಲಿ ಕಪ್ಪನ್ನು ಸ್ವಲ್ಪ ಅಲ್ಲಾಡಿಸಿ ಕೊಡು. ಅಲ್ಲಾಡಿಸದಿದ್ರೆ ಮತ್ತೆ ಹಾಕ್ತಾರೆ.

ನನಗೆ ನಾಚಿಕೆ ಆದದ್ದು ಯಾಕೆ ಗೊತ್ತುಂಟಾ? ಇದು ನನಗೆ ಹೊಸತೇ ಅಲ್ಲ. ನಮ್ಮ ಮನೆಗೆ ಯಾರೇ ಬಂದರೂ ಮೊದಲು ಬೆಲ್ಲ, ನೀರು. ಅದು ಬೇಡ ಅಂದವರ ಬಗ್ಗೆ ಅಜ್ಜಿ ಒಂದು ವರ್ಷ ಹೇಳ್ತಿದ್ರು. ನಮ್ಮೂರಿನ ಬ್ಯಾಂಕಿಂಗ್ ಬೆಳೆದದ್ದೂ ಹಾಗೆಯೇ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಡೆಪಾಸಿಟ್ ಶುರುಮಾಡಿತು. ಪಿಗ್ಮಿಯವರು ಮನೆಮನೆಗೆ, ಅಂಗಡಿ ಅಂಗಡಿಗೆ ಬಂದು ಸಣ್ಣ ಸಣ್ಣ ಮೊತ್ತ ಸಂಗ್ರಹಿಸುತ್ತಿದ್ದರು. ನಾನು ಚಿಕ್ಕವಳಿದ್ದಾಗ ನಮ್ಮ ಅಪ್ಪನ ಅಂಗಡಿಗೆ ಬರ್ತಿದ್ದ ಪಿಗ್ಮಿಯವರು ದುಡ್ಡು ಕೇಳುವ ಮೊದಲು “ಅಮ್ಮನ ಮಂಡಿನೋವು ಹೇಗುಂಟು?” ಅಂತ ಕೇಳ್ತಿದ್ರು. ಮೊದಲು ಮನುಷ್ಯ, ಆಮೇಲೆ ಲೆಕ್ಕ. ಇದು ನನಗೆ ಹುಟ್ಟಿದಾಗಿಂದ ಗೊತ್ತಿತ್ತು. ವಿಮಾನ ಹತ್ತಿದ ಕೂಡಲೇ ಅದನ್ನೆಲ್ಲ ಮರೆತು ಯಾವುದೋ ವಿಡಿಯೋದ ಪ್ರಕಾರ ನಡೆದುಕೊಂಡೆ.

ಹಾಗಾದ್ರೆ ಊರಿನ ಬುದ್ಧಿ ತಗೊಂಡು ಹೋದ್ರೆ ಸಾಕಲ್ವಾ ಅಂತ ನೀವು ಕೇಳಬಹುದು. ಸಾಕಾಗುದಿಲ್ಲ. ಈಗ ದೊಡ್ಡ ಕಥೆಗೆ ಬರ್ತೇನೆ.

ನಮ್ಮ ಕಡೆ ‘ಇಲ್ಲ’ ಅಂತ ಹೇಳ್ಲಿಕ್ಕೆ ಒಂದು ಪದ ಉಂಟು. ಆ ಪದ ‘ನೋಡುವ’. ತುಳುವಲ್ಲಿ ‘ತೂಕ’. “ನಾಡಿದ್ದು ಮದುವೆಗೆ ಬರ್ತೀರಲ್ಲ?” “ನೋಡುವ ಮಾರಾಯ್ರೆ.” ಅಂದ್ರೆ ಬರುವುದಿಲ್ಲ. “ನನ್ನ ಮಗನಿಗೊಂದು ಕೆಲಸ ನೋಡ್ತೀರಾ?” “ನೋಡುವ, ಮಾಡುವ.” ಅಂದ್ರೆ ಆಗಲಿಕ್ಕಿಲ್ಲ. ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಯಾರ ಮನಸ್ಸಿಗೂ ನೋವಿಲ್ಲ.

ಹೊರಗಿನವರಿಗೆ ಇದು ಅರ್ಥ ಆಗುದಿಲ್ಲ. ನನ್ನ ಚಿಕ್ಕಮ್ಮನದ್ದು ಮಣಿಪಾಲದಲ್ಲಿ ಟೈಲರಿಂಗ್ ಅಂಗಡಿ. ಮೆಲಾಕ ಮಣಿಪಾಲ ಮೆಡಿಕಲ್ ಕಾಲೇಜಿನ ಮಲೇಷ್ಯಾದ ಹುಡುಗಿಯರು ಬರ್ತಿದ್ರು. ಬ್ಲೌಸ್ ನಾಳೆಗೆ ಆಗ್ತದಾ ಅಂತ ಕೇಳಿದ್ರೆ ಚಿಕ್ಕಮ್ಮ ತಲೆ ಆಚೆ ಈಚೆ ಆಡಿಸಿ “ಆಯ್ತು, ನೋಡುವ” ಅಂತಿದ್ರು. ಪಾಪ ಅವರು ಮರುದಿನ ಬರ್ತಿದ್ರು. ಹೊಲಿದಿರುತ್ತಿರಲಿಲ್ಲ. ಒಬ್ಬಳು ಒಂದಿನ ನನ್ನ ಹತ್ರ ಕೇಳಿದಳು, “ನಿಮ್ಮ ಆಂಟಿ ತಲೆ ಆಡಿಸಿದ್ದು ಯೆಸ್ಸಾ, ನೋನಾ?” ನಾನು ನಕ್ಕೆ. ಮುಂದೆ ನನ್ನನ್ನೂ ಯಾರೋ ಹೀಗೆಯೇ ಕೇಳ್ತಾರೆ ಅಂತ ಆಗ ಗೊತ್ತಿರಲಿಲ್ಲ.

2022ರ ಏಪ್ರಿಲ್. ನಾನು ಪ್ರೊಬೇಷನ್‌ನಲ್ಲಿದ್ದೆ. ಯುಎಇಯಲ್ಲಿ ಪ್ರೊಬೇಷನ್ ಆರು ತಿಂಗಳವರೆಗೆ ಇಡಬಹುದು, ಆ ಅವಧಿಯಲ್ಲಿ ಕಂಪನಿ 14 ದಿನದ ನೋಟಿಸ್ ಕೊಟ್ಟು ಮನೆಗೆ ಕಳಿಸಬಹುದು. ಅಮ್ಮನ ಬಂಗಾರ ಇನ್ನೂ ಸೊಸೈಟಿಯಲ್ಲೇ ಇತ್ತು.

ಅಲ್ಲಿ 2018ರಿಂದ 5 ಪರ್ಸೆಂಟ್ ವ್ಯಾಟ್ ಉಂಟು. ನಮ್ಮ ಕಂಪನಿಗೆ ಮೂರು ತಿಂಗಳಿಗೊಮ್ಮೆ ರಿಟರ್ನ್. ಮಾರ್ಚ್ 31ಕ್ಕೆ ಮುಗಿದ ಕ್ವಾರ್ಟರಿನ ರಿಟರ್ನ್ ಏಪ್ರಿಲ್ 28ರ ಒಳಗೆ ಹಾಕಬೇಕು. ತಡವಾದರೆ ಮೊದಲ ಸಲಕ್ಕೆ 1,000 ದಿರ್ಹಮ್ ದಂಡ. ಆಗ ಒಂದು ದಿರ್ಹಮ್ ಅಂದ್ರೆ 20 ರೂಪಾಯಿಗೆ ಸ್ವಲ್ಪ ಮೇಲೆ.

ಖರೀದಿ ಬಿಲ್ಲುಗಳನ್ನು ಒಟ್ಟು ಮಾಡುವುದು ನನ್ನ ಕೆಲಸ. ಏಪ್ರಿಲ್ 14ಕ್ಕೆ ನನಗೆ ಒಂದು ವಿಷಯ ಕಂಡಿತು. ಒಬ್ಬ ಸಪ್ಲೈಯರ್‌ನ 11 ಬಿಲ್ಲುಗಳಲ್ಲಿ ನಮ್ಮ ಕಂಪನಿಯ ಟಿಆರ್‌ಎನ್ ಇಲ್ಲ. ಟಿಆರ್‌ಎನ್ ಅಂದ್ರೆ ನಮ್ಮ ಜಿಎಸ್‌ಟಿ ನಂಬರ್ ಇದ್ದ ಹಾಗೆ, 15 ಅಂಕಿಯದ್ದು. ಅದಿಲ್ಲದ ಬಿಲ್ಲಿನ ಮೇಲೆ ಕಟ್ಟಿದ ತೆರಿಗೆಯನ್ನು ವಾಪಸ್ ಕೇಳುವುದು ಅಪಾಯ. ಒಟ್ಟು 16,000 ದಿರ್ಹಮ್‌ಗೂ ಹೆಚ್ಚು. ಬಿಲ್ಲು ಬಂದಾಗಲೇ ನಾನು ನೋಡಬೇಕಿತ್ತು, ನೋಡಿರಲಿಲ್ಲ. ತಪ್ಪು ನನ್ನದೇ.

ಆ ದಿನ ಮ್ಯಾನೇಜರ್ ಕೇಳಿದ್ರು, “ವ್ಯಾಟ್ ಪೇಪರ್ಸ್ ರೆಡಿ ಆಗ್ತಾ ಉಂಟಾ?” ಅವರು ಜೋರ್ಡಾನ್ ದೇಶದವರು. ನಾನು ತಲೆ ಆಡಿಸಿ “ಯೆಸ್ ಸರ್, ವಿಲ್ ಡೂ” ಅಂದೆ. ನನ್ನ ತಲೆಯಲ್ಲಿ ಅದರ ಅರ್ಥ, ‘ಸ್ವಲ್ಪ ತೊಂದರೆ ಉಂಟು, ಆದ್ರೆ ನಿಮಗೆ ಬೇಸರ ಮಾಡುವುದಿಲ್ಲ, ನೋಡುವ’. ಅವರಿಗೆ ಕೇಳಿಸಿದ್ದು ‘ಆಗ್ತದೆ’.

ಮತ್ತೆ ಶುರುವಾಯ್ತು ನನ್ನ ಓಟ. ಸಪ್ಲೈಯರ್‌ಗೆ ಫೋನ್, ಮೇಲ್. ರಮದಾನ್ ಸಮಯ, ಅವರ ಆಫೀಸೂ ಬೇಗ ಮುಚ್ಚುತ್ತದೆ. ಬಿಲ್ಲು ಮಾಡುವವನು ರಜೆಯಲ್ಲಿದ್ದ. “ನಾಳೆ, ಇನ್ಶಾ ಅಲ್ಲಾ” ಅಂತಿದ್ರು. ನನಗೆ ರಾತ್ರಿ ನಿದ್ದೆ ಇಲ್ಲ. ಅಲ್ ನಹ್ದಾದ ಬೆಡ್‌ಸ್ಪೇಸಲ್ಲಿ ನಾಲ್ಕು ಜನ, ಮೇಲಿನ ಮಂಚ ನನ್ನದು, ಮಲಗಿ ಬಿಲ್ಲಿನ ನಂಬರ್ ಲೆಕ್ಕ ಹಾಕ್ತಿದ್ದೆ. ಮ್ಯಾನೇಜರ್ ಮತ್ತೆ ಎರಡು ಸಲ ಕೇಳಿದ್ರು. ಎರಡು ಸಲವೂ “ಆಲ್ಮೋಸ್ಟ್ ಸರ್” ಅಂದೆ. ಪಕ್ಕದಲ್ಲೇ ಕೂರ್ತಿದ್ದ ಚೀಫ್ ಅಕೌಂಟೆಂಟ್‌ಗೂ ಹೇಳಲಿಲ್ಲ. ಅವರು ಕೇರಳದವರು, ನಾವೆಲ್ಲ ಚೇಟ್ಟ ಅಂತ ಕರೀತಿದ್ದೆವು. ಅಣ್ಣನ ಹಾಗೆ ನೋಡ್ಕೊಂಡವರು. ಅವರಿಗೆ ಯಾಕೆ ತಲೆನೋವು ಕೊಡುವುದು ಅಂತ.

27ರಂದು, ಬುಧವಾರ, ಮಧ್ಯಾಹ್ನ ಎರಡೂವರೆ. ಮೂರಕ್ಕೆ ಆಫೀಸು ಮುಚ್ಚುತ್ತದೆ. ಬಿಲ್ಲು ಬರಲಿಲ್ಲ. ಚೇಟ್ಟ ಬಂದು “ಫೈಲ್ ಕೊಡು, ನೋಡಿ ಸೈನ್ ಮಾಡಿ ಹೋಗ್ತೇನೆ” ಅಂದ್ರು. ಅವರಿಗೆ ಆ ರಾತ್ರಿ ಕೊಚ್ಚಿಗೆ ಫ್ಲೈಟು. 29ಕ್ಕೆ ಅವರ ಅಮ್ಮನ ಕಣ್ಣಿನ ಆಪರೇಷನ್, ಹಾಗೆಯೇ ಈದ್ ರಜೆ ಮುಗಿಸಿ ಬರುವುದು ಅಂತ. ಎರಡು ವರ್ಷ ಆಗಿತ್ತು ಅವರು ಊರಿಗೆ ಹೋಗದೆ.

ಆಗ ಬಾಯಿಬಿಟ್ಟೆ.

ಅವರು ಒಂದೂ ಮಾತಾಡಲಿಲ್ಲ. ಫೋನ್ ತೆಗೆದು ಹೆಂಡತಿಗೆ ಮಲಯಾಳಂನಲ್ಲಿ ಎಂತದೋ ಹೇಳಿದ್ರು. ಟಿಕೆಟ್ ಕ್ಯಾನ್ಸಲ್ ಆಯ್ತು. ಮ್ಯಾನೇಜರ್ ರೂಮಿಗೆ ಹೋದೆವು. ರಾತ್ರಿವರೆಗೆ ಕೂತು, ಆ 11 ಬಿಲ್ಲುಗಳನ್ನು ಬಿಟ್ಟು ರಿಟರ್ನ್ ತಯಾರು ಮಾಡಿ ಮರುದಿನ ಹಾಕಿದೆವು. ಸರಿಯಾದ ಬಿಲ್ಲು ಬಂದ ಮೇಲೆ ಮುಂದಿನ ಕ್ವಾರ್ಟರಲ್ಲಿ ಆ ತೆರಿಗೆ ಕೇಳಬಹುದು. ಅಷ್ಟು ಸುಲಭ ಇತ್ತು ಪರಿಹಾರ. 14ನೇ ತಾರೀಕಿಗೆ ನಾನು ಬಾಯಿ ತೆರೆದಿದ್ದರೆ ಚೇಟ್ಟ ಹತ್ತು ನಿಮಿಷದಲ್ಲಿ ಹೇಳಿಬಿಡುತ್ತಿದ್ದರು. ಕಂಪನಿಗೆ ದಂಡ ಬೀಳಲಿಲ್ಲ. ಆದ್ರೆ ಚೇಟ್ಟ ಅಮ್ಮನ ಆಪರೇಷನ್‌ಗೆ ಮುಟ್ಟಲಿಲ್ಲ. ನಾನು ಇಟ್ಟ ಮರ್ಯಾದೆಯ ಬಿಲ್ಲು ಅವರು ಕಟ್ಟಿದ್ರು.

ಮ್ಯಾನೇಜರ್ ಬೈಯುತ್ತಾರೆ ಅಂತ ಕಾಯ್ತಿದ್ದೆ. ಬೈಯಲಿಲ್ಲ. ಅವರು ಕೇಳಿದ್ರು, “ನಿಮಗೆ ಇದು ಯಾವಾಗ ಗೊತ್ತಾಯ್ತು?” “14ಕ್ಕೆ ಸರ್.” “ನಾನು ಎಷ್ಟು ಸಲ ಕೇಳಿದೆ?” “ಮೂರು ಸಲ.” ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ರು, “ನೀವು ನನ್ನ ಹತ್ರ ಅತಿಥಿಯ ಹತ್ರ ಮಾತಾಡಿದ ಹಾಗೆ ಮಾತಾಡ್ತೀರಿ. ನಾನು ಅತಿಥಿ ಅಲ್ಲ. ನಾವು ಒಂದೇ ಮನೆಯವರು.”

ಮರುದಿನ ವಾರ್ನಿಂಗ್ ಲೆಟರ್ ಬಂತು. ಅದು ನ್ಯಾಯವೇ.

ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಯಾಕಂದ್ರೆ ಅದೇ ಮ್ಯಾನೇಜರ್ ಕ್ಲೈಂಟ್‌ಗಳ ಹತ್ರ ‘ಇಲ್ಲ’ ಅಂತ ನೇರ ಹೇಳಿದ್ದು ನಾನು ಕೇಳಿಯೇ ಇರಲಿಲ್ಲ. ರೇಟ್ ಕಡಿಮೆ ಮಾಡಿ ಅಂದ್ರೆ “ಇನ್ಶಾ ಅಲ್ಲಾ, ನೋಡೋಣ” ಅಂತಿದ್ರು. ಗಮನ ಇಟ್ಟು ಕೇಳಿದ ಮೇಲೆ ನನಗೆ ಗೊತ್ತಾಯ್ತು, ನಮ್ಮ ಆಫೀಸಲ್ಲಿ ಇನ್ಶಾ ಅಲ್ಲಾ ಜೊತೆಗೆ ದಿನ, ಸಮಯ ಹೇಳಿದ್ರೆ ಅದು ಹೌದು. ಬರೀ ಇನ್ಶಾ ಅಲ್ಲಾ ಅಂದ್ರೆ ನಮ್ಮ ‘ತೂಕ’. ಹಾಗಾಗಿ ನಾವು ಸುತ್ತಿಬಳಸಿ ಮಾತಾಡುವವರು, ಅವರು ನೇರ ಮಾತಿನವರು ಅಂತಲ್ಲ. ಅವರಿಗೂ ಮೆತ್ತಗಿನ ಮಾತು ಗೊತ್ತು, ಆದರೆ ಅದು ಹೊರಗಿನವರಿಗೆ. ಜೊತೆಗೆ ಕೆಲಸ ಮಾಡುವವರ ಹತ್ರ ಇದ್ದದ್ದು ಇದ್ದ ಹಾಗೆ.

ನೆನಪು ಮಾಡ್ಕೊಳ್ಳಿ, ನಮ್ಮ ಮನೆಯಲ್ಲೂ ಅದೇ ಅಲ್ವಾ? ಪಕ್ಕದ ಮನೆಯವರು ಸಾಲ ಕೇಳಿದ್ರೆ ಅಮ್ಮ “ನೋಡುವ” ಅಂತಾರೆ. ಅಪ್ಪನ ಹತ್ರ “ಅಕ್ಕಿ ಮುಗಿದಿದೆ, ಇವತ್ತೇ ತನ್ನಿ” ಅಂತಾರೆ. ನಾನು ಮಾಡಿದ ತಪ್ಪು ಎಂತದು ಅಂದ್ರೆ, ಆಫೀಸನ್ನು ಪಕ್ಕದ ಮನೆ ಅಂತ ತಿಳ್ಕೊಂಡದ್ದು.

ಒಂದು ವಾರ ಬಿಟ್ಟು ಚೇಟ್ಟ ನನ್ನನ್ನು ಕೂರಿಸಿ ಒಂದು ಮೇಲ್ ಬರೆಯಲು ಕಲಿಸಿದ್ರು. ಮೂರೇ ಸಾಲು. ಬರೆದುಕೊಳ್ಳಿ. ಒಂದು, ಯಾವುದು ಆಗಿದೆ. ಎರಡು, ಯಾವುದು ಆಗಿಲ್ಲ, ಯಾಕೆ. ಮೂರು, ನಿಮ್ಮಿಂದ ನನಗೆ ಎಂತ ಬೇಕು, ಯಾವ ದಿನದ ಒಳಗೆ. ಸಾರಿ ಅಂತ ಎಂಟು ಸಲ ಬರೆಯಬೇಡ ಅಂದ್ರು. ಆ ಮೇಲ್ 14ಕ್ಕೆ ಹೋಗಿದ್ದರೆ ಹೀಗಿರುತ್ತಿತ್ತು: “ಖರೀದಿ ಬಿಲ್ಲುಗಳ ಪಟ್ಟಿ ತಯಾರಾಗಿದೆ. 11 ಬಿಲ್ಲುಗಳಲ್ಲಿ ಟಿಆರ್‌ಎನ್ ಇಲ್ಲ, ಬಂದಾಗ ನಾನು ಗಮನಿಸಿರಲಿಲ್ಲ. 20ರ ಒಳಗೆ ಹೊಸ ಬಿಲ್ಲು ಬಾರದಿದ್ದರೆ ಬಿಟ್ಟು ಹಾಕಬಹುದಾ, ತಿಳಿಸಿ.” ಅಷ್ಟೇ. ಈಗ ನಾನು ಕಾಪುವಲ್ಲಿ ಮನೆಯಿಂದಲೇ ಅಲ್ಲಿನ ಎರಡು ಸಣ್ಣ ಕಂಪನಿಗಳ ಲೆಕ್ಕ ಬರೀತೇನೆ. ಈಗಲೂ ಹೀಗೇ ಬರೆಯುವುದು.

ಈ ಮಾತು ಹೇಳುವಾಗ ನಮ್ಮೂರಿನ ಒಂದು ದೊಡ್ಡ ಕಥೆ ನೆನಪಾಗ್ತದೆ. ಕಾಪುವಿನ ಬಿ.ಆರ್. ಶೆಟ್ಟಿ 1973ರಲ್ಲಿ ಅಬುಧಾಬಿಗೆ ಹೋಗಿ, ಔಷಧ ಮಾರುವ ಮೆಡಿಕಲ್ ರೆಪ್ ಆಗಿ ಬಾಗಿಲು ಬಾಗಿಲು ತಿರುಗಿ, 1975ರಲ್ಲಿ ಎನ್‌ಎಂಸಿ ಶುರುಮಾಡಿದ್ರು. 2012ರಲ್ಲಿ ಅದು ಲಂಡನ್ ಷೇರುಪೇಟೆ ಮುಟ್ಟಿತು. ನಾವೆಲ್ಲ ಆ ಕಥೆ ಕೇಳಿಯೇ ಬೆಳೆದವರು. 2020ರ ಮಾರ್ಚ್‌ನಲ್ಲಿ, ಲೆಕ್ಕದಲ್ಲಿ ತೋರಿಸಿದ್ದಕ್ಕಿಂತ ಸಾಲ ಬಹಳ ಹೆಚ್ಚಿದೆ ಅಂತ ಕಂಪನಿಯೇ ಹೇಳಬೇಕಾಯ್ತು. ಏಪ್ರಿಲ್‌ನಲ್ಲಿ ಆಡಳಿತ ಬೇರೆಯವರ ಕೈಗೆ ಹೋಯ್ತು. ಯಾರು ಹೊಣೆ ಅನ್ನುವುದು ಹಲವು ಕೋರ್ಟುಗಳ ಮೆಟ್ಟಿಲು ಹತ್ತಿದ ವಿಷಯ, ತೀರ್ಪು ಕೊಡಲು ನಾನು ಯಾರೂ ಅಲ್ಲ. ಲೆಕ್ಕ ಬರೆಯುವವಳಾಗಿ ನಾನು ತಗೊಂಡ ಪಾಠ ಒಂದೇ: ಕೆಟ್ಟ ಸುದ್ದಿಯನ್ನು ಮುಂದೆ ಹಾಕಿದಷ್ಟು ಅದಕ್ಕೆ ಬಡ್ಡಿ ಬೆಳೆಯುತ್ತದೆ, 11 ಬಿಲ್ಲಿಗೂ ಬೆಳೆಯುತ್ತದೆ.

ಈಗ ಇನ್ನೊಂದು ಬದಿ. ಹೊಂದಿಕೊಳ್ಳುವುದು ಅಂದ್ರೆ ಎಲ್ಲದಕ್ಕೂ ತಲೆ ಆಡಿಸುವುದಲ್ಲ.

ನನ್ನ ಗೆಳತಿಯ ಅಣ್ಣ, ಅವರೂ ಕಾರ್ಕಳದ ಕಡೆಯವರೇ, ಒಂದು ಕಟ್ಟಡದ ಸೈಟಲ್ಲಿ ಸೂಪರ್‌ವೈಸರ್. ಕಂಪನಿಯವರು ಪಾಸ್‌ಪೋರ್ಟ್ ‘ಸೇಫ್ಟಿಗೆ’ ಅಂತ ತೆಗೆದು ಇಟ್ಟುಕೊಂಡಿದ್ರು. ಅಪ್ಪನಿಗೆ ಹುಷಾರಿಲ್ಲ ಅಂತ ಫೋನ್ ಬಂದಾಗ ಪಾಸ್‌ಪೋರ್ಟ್ ಕೈಗೆ ಸಿಗಲು ನಾಲ್ಕು ದಿನ ಹಿಡೀತು. ನಾನು ಕೇಳಿದೆ, “ಮೊದಲೇ ಯಾಕೆ ವಾಪಸ್ ಕೇಳಲಿಲ್ಲ ಅಣ್ಣ?” “ಅನ್ನ ಕೊಟ್ಟವರು, ನಂಬಿಕೆ ಇಲ್ವಾ ಅಂತ ಗ್ರಹಿಸಿದ್ರೆ? ಕೇಳ್ಲಿಕ್ಕೆ ಸರಿ ಆಗುದಿಲ್ಲ” ಅಂದ್ರು. ನೋಡಿ, ಇದೂ ಅದೇ ರೋಗ. ನಾನು ಬಾಯಿಬಿಡದೆ ಚೇಟ್ಟನಿಗೆ ನಷ್ಟ ಮಾಡಿದೆ. ಇವರು ಬಾಯಿಬಿಡದೆ ತನಗೇ ನಷ್ಟ ಮಾಡಿಕೊಂಡ್ರು.

ಹಾಗಾಗಿ ಹೊರಡುವ ಮೊದಲು ಇಷ್ಟು ತಿಳ್ಕೊಳ್ಳಿ. ಯುಎಇಯಲ್ಲಿ 2022ರ ಫೆಬ್ರವರಿ 2ರಿಂದ ಹೊಸ ಕಾರ್ಮಿಕ ಕಾನೂನು ಜಾರಿಯಲ್ಲಿದೆ. ಅದರ ಪ್ರಕಾರ ಕಂಪನಿ ನಿಮ್ಮ ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ. ನಿಮ್ಮನ್ನು ಕೆಲಸಕ್ಕೆ ಕರೆಸಿಕೊಳ್ಳುವ ಖರ್ಚು ಕಂಪನಿಯದ್ದು, ನಿಮ್ಮ ಸಂಬಳದಿಂದ ಹಿಡಿಯುವಂತಿಲ್ಲ. ವರ್ಷ ತುಂಬಿದ ಮೇಲೆ ವರ್ಷಕ್ಕೆ 30 ದಿನ ಸಂಬಳ ಸಹಿತ ರಜೆ. ಕೆಲಸ ಬಿಡುವಾಗ ಗ್ರಾಚ್ಯುಟಿ ಲೆಕ್ಕ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್ ಸಂಬಳ, ಆಮೇಲೆ ವರ್ಷಕ್ಕೆ 30 ದಿನದ್ದು. ಬೇಸಿಕ್ ಅಂದೆ, ಗಮನಿಸಿ. ಆಫರ್ ಲೆಟರಲ್ಲಿ ಒಟ್ಟು ಸಂಬಳ ದೊಡ್ಡದು ತೋರಿಸಿ ಬೇಸಿಕ್ ಸಣ್ಣದು ಇಡ್ತಾರೆ, ಅದನ್ನು ಕೇಳಿ ಸೈನ್ ಮಾಡಿ. ಸೈಟ್ ಕೆಲಸದವರಿಗೆ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ.

ಇಲ್ಲಿ ಊರಲ್ಲಿ ಏಜೆಂಟ್ ಮೂಲಕ ಹೋಗುವುದಾದ್ರೆ ಅವರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದ್ದಾರಾ ನೋಡಿ. ನೋಂದಾಯಿತ ಏಜೆಂಟ್ ನಿಮ್ಮಿಂದ ತಗೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ, ಅದಕ್ಕೆ ರಶೀದಿ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಸರಿಮಾಡುವ ಅಂದ್ರೆ, ಆ ‘ಸರಿಮಾಡುವ’ ಕೂಡ ಒಂದು ‘ನೋಡುವ’ ಅಂತ ತಿಳ್ಕೊಳ್ಳಿ. ಕಷ್ಟಕ್ಕೆ ಸಿಕ್ಕಿಕೊಂಡ್ರೆ ದುಬೈಯಲ್ಲಿ ಭಾರತೀಯ ಕಾನ್ಸುಲೇಟಿನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಉಂಟು. ನಾಚಿಕೆ ಬಿಟ್ಟು ಹೋಗಿ.

ಇನ್ನೊಂದು ಸಣ್ಣ ಮಾತು. ನಮ್ಮ ಹಿರಿಯರು ಬೊಂಬಾಯಿಗೆ ಹೋದಾಗ ಅವರಿಗೂ ಅದು ಪರದೇಶವೇ. ಭಾಷೆ ಬೇರೆ, ಊಟ ಬೇರೆ. ಮೊಗವೀರ ವ್ಯವಸ್ಥಾಪಕ ಮಂಡಳಿ ಅಲ್ಲಿ 1902ರಲ್ಲೇ ಹುಟ್ಟಿತು. ಹೊಸಬರಿಗೆ ಹೇಳಿಕೊಡಲು ಹಳಬರು ಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ಈಗ ಗಲ್ಫಲ್ಲೂ ಕನ್ನಡ ಸಂಘ, ತುಳು ಕೂಟ ಉಂಟು. ಯಕ್ಷಗಾನ ನೋಡ್ಲಿಕ್ಕೆ ಮಾತ್ರ ಹೋಗ್ಬೇಡಿ. ಹೋಗಿ ಒಬ್ಬರು ಹಳಬರನ್ನು ಹಿಡಿದು “ಅಣ್ಣ, ನಿಮ್ಮ ಆಫೀಸಲ್ಲಿ ಇಲ್ಲ ಅಂತ ಹೇಗೆ ಹೇಳ್ತಾರೆ?” ಅಂತ ಕೇಳಿ.

ನಾನು ಮೂರು ವರ್ಷ ಇದ್ದು ವಾಪಸ್ ಬಂದೆ. ಅಮ್ಮನ ಬಂಗಾರ ಬಿಡಿಸಿಯಾಗಿತ್ತು. ಚೇಟ್ಟ ಏರ್‌ಪೋರ್ಟಿಗೆ ಬಿಡಲು ಬಂದಿದ್ರು. ಆ ಏಪ್ರಿಲ್ ಬಗ್ಗೆ ನಾನು ಮತ್ತೆ ಒಂದು ಸಲ ಕ್ಷಮೆ ಕೇಳಿದೆ. “ಅಮ್ಮನ ಕಣ್ಣು ಈಗ ಸರಿ ಉಂಟು, ಸೀರಿಯಲ್ ನೋಡ್ತಾರೆ” ಅಂದ್ರು. ಪರವಾಗಿಲ್ಲ ಅಂತ ಮಾತ್ರ ಹೇಳಲಿಲ್ಲ. ಅವರು ಅದನ್ನು ಹೇಳದೇ ಇದ್ದದ್ದಕ್ಕೆ ನನಗೆ ಅವರ ಮೇಲೆ ಇನ್ನೂ ಗೌರವ.

ಊರಿಗೆ ಬಂದ ಮೇಲೆ ಉಲ್ಟಾ ಆಯ್ತು. ಮಾವ ಬಂದು ಮಗಳ ಮದುವೆ ಲೆಕ್ಕ ಪೂರ್ತಿ ನೀನೇ ನೋಡ್ಕೊಳ್ಬೇಕು ಅಂದ್ರು. “ಆಗ್ಲಿಕ್ಕಿಲ್ಲ ಮಾವ, ಆ ವಾರ ರಿಟರ್ನ್ ಉಂಟು” ಅಂದೆ. ಸಿಟ್ಟು ಬಂತು. “ದುಬೈಗೆ ಹೋಗಿ ನಾಲಿಗೆ ಉದ್ದ ಆಯ್ತು ಇವಳಿಗೆ” ಅಂತ ಅಮ್ಮನ ಹತ್ರ ಹೇಳಿದ್ರು. ಅಮ್ಮ ನನ್ನನ್ನು ಕರೆದು, “ನೋಡುವ ಅಂದಿದ್ರೆ ನಿನಗೆ ಎಂತ ಹೋಗ್ತಿತ್ತು?” ಅಂದ್ರು. ಅವರು ಹೇಳಿದ್ದೂ ಸರಿ ಇತ್ತು. ಸಂಜೆ ಮಾವನ ಮನೆಗೆ ಹೋದೆ. ಬೆಲ್ಲ, ನೀರು ಕುಡಿದೆ. ಅತ್ತೆಯ ಸೊಂಟನೋವು ಕೇಳಿದೆ. ಆಮೇಲೆ ಮತ್ತೆ ಹೇಳಿದೆ, ಹಾಲ್ ಮತ್ತು ಅಡುಗೆಯವರ ಲೆಕ್ಕ ಮಾತ್ರ ನೋಡ್ತೇನೆ, ಉಳಿದದ್ದು ಆಗುದಿಲ್ಲ ಅಂತ. ಒಪ್ಪಿದ್ರು.

ಕಾರ್ಕಳದ ತಂಗಿ, ನಿನ್ನ ಪ್ರಶ್ನೆಗೆ ಉತ್ತರ ಇದು. ಕಾಫಿ ಕೊಟ್ಟರೆ ಕುಡಿ. ಪಾಸ್‌ಪೋರ್ಟ್ ನಿನ್ನ ಹತ್ರವೇ ಇಟ್ಕೋ. ಕೆಲಸ ಆಗುದಿಲ್ಲ ಅಂತ ಯಾವ ದಿನ ನಿನಗೆ ಗೊತ್ತಾಗ್ತದೆಯೋ ಅದೇ ದಿನ, ನಿನ್ನ ಪಕ್ಕದ ಸೀಟಿನವರಿಗೆ ಹೇಳು. ಹೇಳುವಾಗ ಸ್ವರ ನಡುಗಿದ್ರೂ ಅಡ್ಡಿಲ್ಲ.

ಉಳಿದವರು, ನೀವು ‘ನೋಡುವ’ ಅಂದು ಸಿಕ್ಕಿಬಿದ್ದ ಕಥೆ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ. ಗಲ್ಫ್ ಆಗಬೇಕಂತಿಲ್ಲ, ಬೆಂಗಳೂರು, ಪುಣೆ, ಮಣಿಪಾಲದ ನೈಟ್ ಶಿಫ್ಟ್, ಯಾವುದಾದರೂ ಸರಿ. ಕಂಪನಿ ಹೆಸರು ಬೇಡ. ಮುಂದಿನ ವಾರ ಸಿಗ್ತೇನೆ. ಸಿಗ್ತೇನೆ ಅಂದೆ, ನೋಡುವ ಅನ್ನಲಿಲ್ಲ. ನಮಸ್ಕಾರ.